ಕಲೆಯಕ್ಕನ ತಂಪು ಕ್ಯಾಮೆರಾ

ಲಾಂಡ್ರಿಯ ಬಾಗಿಲ ಮೇಲೆ "ಇಲ್ಲಿ ಎಲ್ಲ ಬಗೆಯ ಕಲೆ ತೆಗೆಯಲಾಗುತ್ತದೆ" ಎಂದು ಬರೆದಿದ್ದರಿಂದ ಬೀದಿಯವರೆಲ್ಲ ಆಕೆಯನ್ನು ಕಲೆಯಕ್ಕ ಎಂದೇ ಕರೆಯುತ್ತಿದ್ದರು. ಒಮ್ಮೆ ಚಿತ್ರಕಲೆಯ ಮೇಷ್ಟರೊಬ್ಬರು ಒಳಗೆ ಬಂದು, "ಕಲೆಯನ್ನೇ ತೆಗೆದುಬಿಟ್ರೆ ಮನುಷ್ಯನಲ್ಲಿ ಉಳಿಯೋದೇನಮ್ಮ?" ಎಂದು ಕೇಳಿದ್ದರು. "ಬಟ್ಟೆ ಉಳಿಯುತ್ತೆ ಸಾರ್," ಎಂದು ಹೇಳಿ, ಅವರ ಅಂಗಿಯ ತೋಳಿಗೆ ಹತ್ತಿದ್ದ ಬಣ್ಣವನ್ನು ನಿಂತ ನಿಲುವಿನಲ್ಲೇ ತೆಗೆದುಕೊಟ್ಟು ಕಳಿಸಿದ್ದಳು.

ಕೆಳಗೆ ಲಾಂಡ್ರಿ, ಮೇಲೆ ಮನೆ, ಅದರ ಮೇಲೆ ಬಟ್ಟೆ ಒಣಹಾಕುವ ತಾರಸಿ. ಗಂಡ ಇಸ್ತ್ರಿ ಹೊಡೆದು, ವ್ಯಾನಿನಲ್ಲಿ ಮನೆಮನೆಗೆ ಬಟ್ಟೆ ತಲುಪಿಸುತ್ತಿದ್ದ. ಮಾವ ಎರಡು ಬೀದಿ ಆಚೆಯ ಹಳೆಯ ಆಫೀಸು ಕಟ್ಟಡದಲ್ಲಿ ಲಿಫ್ಟ್ ಓಡಿಸಿ ನಿವೃತ್ತರಾದವರು. ಅವರು ಹೊರಗೆ ಬಂದ ಮೇಲೆ ಕಟ್ಟಡದವರು ಆ ಕೆಲಸವನ್ನೇ ರದ್ದು ಮಾಡಿ, "ಗುಂಡಿಯನ್ನು ನೀವೇ ಒತ್ತಿ" ಎಂಬ ಫಲಕ ಹಾಕಿದ್ದರು. ಆ ಅವಮಾನ ಮಾವನಿಗೆ ಇನ್ನೂ ಇಳಿದಿರಲಿಲ್ಲ. ಅಡುಗೆಮನೆಗೆ ಅವರು 'ಒಂದನೇ ಮಹಡಿ' ಎನ್ನುತ್ತಿದ್ದರು. ಸೊಸೆಗೆ ಸಿಟ್ಟು ಬಂದರೆ 'ಮೂರಕ್ಕೆ ಹೋಗಿದೆ' ಎಂದು ಮಗನಿಗೆ ಪಿಸುಗುಟ್ಟುತ್ತಿದ್ದರು.

ಆಕಾಶದ ಹುಚ್ಚು ಕಲೆಯಕ್ಕನಿಗೆ ಹತ್ತಿದ್ದು ತಮ್ಮನಿಂದ. ಅವನು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಂಗಡಿಯವರು ಕಿಟಕಿಯ ಅಲಂಕಾರ ಬದಲಿಸಿದಾಗ ಅಲ್ಲಿದ್ದ ಟೆಲಿಸ್ಕೋಪನ್ನು ಅಕ್ಕನ ಮನೆಯ ತಾರಸಿಗೆ ತಂದು ಹಾಕಿದ. ಆಮೇಲೆ ಆಕಾಶದ ಜೊತೆ ಮೆಲ್ಲಗೆ ತಿರುಗುವ ಮೋಟಾರಿನ ಸ್ಟ್ಯಾಂಡೂ ಬಂತು. ಮನೆಯ ಸಾಧಾರಣ ಕ್ಯಾಮೆರಾ ಕಟ್ಟಿ ಚಿತ್ರ ತೆಗೆದರೆ, ನಕ್ಷತ್ರಗಳಿಗಿಂತ ಹೆಚ್ಚಾಗಿ ಕೆಂಪು, ಹಸಿರು ಚುಕ್ಕೆಗಳು ಮರಳು ಎರಚಿದಂತೆ ಕಂಡವು.

"ಒಳಗಿರೋ ಸೆನ್ಸರ್ ಬಿಸಿಯಾಗುತ್ತೆ ಅಕ್ಕ. ಬಿಸಿಯಾದ್ರೆ ಇಲ್ಲದ್ದನ್ನೆಲ್ಲ ನೋಡುತ್ತೆ," ಎಂದ ತಮ್ಮ.

"ನಿಮ್ಮ ಭಾವನ ಥರ," ಎಂದಳು ಕಲೆಯಕ್ಕ.

ಮೊದಲು ಐಸು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಬಟ್ಟೆಹಗ್ಗದಿಂದ ಕ್ಯಾಮೆರಾಕ್ಕೆ ಬಿಗಿದಳು. ಕ್ಯಾಮೆರಾ ತಂಪಾಯಿತು, ಆಮೇಲೆ ನೀರು ಕುಡಿದು ಸತ್ತುಹೋಯಿತು. ಹೀಗೆ ತಂಪು ಕ್ಯಾಮೆರಾ ಕೊಳ್ಳುವ ಮಾತು ಮನೆಯೊಳಗೆ ಬಂತು.

ತಮ್ಮ ಒಂದು ಸಂಜೆಯೆಲ್ಲ ಕೂತು ವಿವರಿಸಿದ. ಅಗ್ಗದವುಗಳಲ್ಲಿ ಕೆಲವಕ್ಕೆ ಬರೀ ಫ್ಯಾನು, ಅವನ್ನು ನಂಬಬಾರದು. ನಿಜವಾದವಕ್ಕೆ ಒಳಗೆ ವಿದ್ಯುತ್ತಿನಿಂದ ತಣ್ಣಗಾಗುವ ತಗಡಿರುತ್ತದೆ, ಇಷ್ಟು ಡಿಗ್ರಿ ಎಂದು ಹೇಳಿದರೆ ಅಲ್ಲೇ ನಿಲ್ಲುತ್ತದೆ. "ಇಸ್ತ್ರಿ ಪೆಟ್ಟಿಗೆ ಇದ್ದ ಹಾಗೆ, ಆದ್ರೆ ತಲೆಕೆಳಗು," ಎಂದು ಆಕೆಗೆ ತಕ್ಷಣ ಅರ್ಥವಾಯಿತು. ಕಪ್ಪು ಬಿಳುಪಿನದು ಹೆಚ್ಚು ಸೂಕ್ಷ್ಮ, ಆದರೆ ಒಂದೊಂದು ಬಣ್ಣಕ್ಕೂ ಬೇರೆ ಗಾಜು ಹಾಕಿ ಮತ್ತೆ ಮತ್ತೆ ತೆಗೆಯಬೇಕು. ಬಣ್ಣದ್ದಾದರೆ ಒಂದೇ ಸಲಕ್ಕೆ ಮುಗಿಯುತ್ತದೆ. ಬಿಳಿ ಬಟ್ಟೆ ಬಣ್ಣದ ಬಟ್ಟೆ ಬೇರೆ ಬೇರೆ ಮಾಡುವುದರಲ್ಲೇ ಅರ್ಧ ಆಯಸ್ಸು ಕಳೆದಿದ್ದ ಕಲೆಯಕ್ಕ, "ಬಣ್ಣದ್ದೇ ಇರಲಿ. ಆಕಾಶದಲ್ಲಾದ್ರೂ ಎಲ್ಲ ಒಟ್ಟಿಗೆ ನೆನೆಹಾಕ್ತೀನಿ," ಎಂದಳು.

"ಎಷ್ಟು ತಂಪಾಗುತ್ತೆ?" ಎಂದು ಕೇಳಿದ ಗಂಡ.

"ಸುತ್ತ ಎಷ್ಟಿದೆಯೋ ಅದಕ್ಕಿಂತ ಮೂವತ್ತೈದು ಕಡಿಮೆ."

ಗಂಡ ಗೋಡೆಯ ತಾಪಮಾಪಕ ನೋಡಿದ. ಕೆಳಗಿನ ಬಾಯ್ಲರಿನ ದಯೆಯಿಂದ ಮನೆಯೊಳಗೆ ಮೂವತ್ತೆಂಟಿತ್ತು, ತಾರಸಿಯೂ ಅಷ್ಟೇ ಕಾದಿರುತ್ತಿತ್ತು. "ಅಂದ್ರೆ ಮೂರು ಡಿಗ್ರಿ. ನಿಂಗೆ ಬೇಕಾಗಿರೋದು?"

"ಸೊನ್ನೆಗಿಂತ ಹತ್ತು ಕಡಿಮೆ."

"ಹಾಗಾದ್ರೆ ಕ್ಯಾಮೆರಾ ತಣ್ಣಗಾಗೋಕೆ ಮೊದಲು ಮನೆ ತಣ್ಣಗಾಗ್ಬೇಕು! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದ್ರೆ ಇದೇ."

ಹಾಗೆ ಗೊಣಗಿದರೂ ಅವನು ಮಾರನೆಯ ದಿನದಿಂದಲೇ ಬೆಳಗಿನ ಜಾವಕ್ಕೆ ಎದ್ದು ಇಸ್ತ್ರಿ ಮುಗಿಸಿ, ಮಧ್ಯಾಹ್ನವೇ ಬಾಯ್ಲರ್ ಆರಿಸತೊಡಗಿದ. ಕ್ಯಾಮೆರಾ ಇನ್ನೂ ಮನೆಗೆ ಬಂದಿರಲಿಲ್ಲ. ಅದಕ್ಕೆ ಸೆಕೆಯಾಗಬಾರದೆಂದು ಮನೆ ಮಾತ್ರ ತಯಾರಾಗಿತ್ತು.

ಹೊಸದು ಕೈಗೆಟುಕಲಿಲ್ಲ. ಹಲ್ಲಿನ ಡಾಕ್ಟರೊಬ್ಬರು ಬಳಸಿದ್ದೊಂದನ್ನು ಮಾರುತ್ತಿದ್ದಾರೆಂದು ತಮ್ಮ ಪತ್ತೆ ಹಚ್ಚಿದ. ಅವರ ಕ್ಲಿನಿಕ್ಕು ಮಾವ ದುಡಿದಿದ್ದ ಕಟ್ಟಡದ ನಾಲ್ಕನೇ ಮಹಡಿಯಲ್ಲೇ ಇತ್ತು. ಮಾವ ಮೆಟ್ಟಿಲು ಹತ್ತಿಯೇ ಬಂದರು. ಕಂಡವರೆಲ್ಲ ಗುಂಡಿ ಒತ್ತುವ ಲಿಫ್ಟಿಗೆ ಅವರು ಕಾಲಿಡುತ್ತಿರಲಿಲ್ಲ.

ಡಾಕ್ಟರ ಕೈಯಲ್ಲಿ ಕೆಲಸವಿತ್ತು. ಕುರ್ಚಿಯಲ್ಲಿ ಒಬ್ಬ ಬಾಯಿ ತೆರೆದುಕೊಂಡು ಮಲಗಿದ್ದ. ವ್ಯಾಪಾರ ಅವನ ಬಾಯಿಯ ಮೇಲಿಂದಲೇ ನಡೆಯಿತು.

"ಏನೂ ತೊಂದರೆ ಇಲ್ವಾ ಡಾಕ್ಟ್ರೇ?" ಎಂದಳು ಕಲೆಯಕ್ಕ.

"ಹೂವಿನ ಹಾಗೆ ಇಟ್ಟಿದ್ದೀನಿ. ಇವರೇ ನನಗೆ ಮಾರಿದ್ದು, ಬೇಕಾದ್ರೆ ಕೇಳಿ," ಎಂದು ಡಾಕ್ಟರು ಕುರ್ಚಿಯವನನ್ನು ತೋರಿಸಿ, ಅವನ ಬಾಯಿಗೆ ಇನ್ನೊಂದು ಸಲಕರಣೆ ತುರುಕಿದರು.

ಕುರ್ಚಿಯವನ ಕಣ್ಣು ಅಗಲವಾಯಿತು. "ಅಂ... ಉ," ಎಂದ ಅವನು. ಕೈಯೆತ್ತಿ ಕ್ಯಾಮೆರಾ ತೋರಿಸಿ, "ಅಂಉ! ಅಂಉ!" ಎಂದ.

"ಏನಂತಾರೆ?"

"ಚೆನ್ನಾಗಿದೆ ಅಂತಾರೆ," ಎಂದರು ಡಾಕ್ಟರು.

ಕ್ಯಾಮೆರಾ ಮನೆಗೆ ಬಂತು. ಮೊದಲ ಚಿತ್ರ ನೋಡಲು ಮನೆಮಂದಿಯೆಲ್ಲ ಪರದೆಗೆ ಮುತ್ತಿದರು. ನಟ್ಟನಡುವೆ ಬಿಳಿಯ ದೊಡ್ಡ ಹೂವು, ಎಸಳೆಸಳಾಗಿ, ಬೆಳ್ಳಿಯ ಜರಿ ನೇಯ್ದಂತೆ. ಮಾವ ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಲಾಂಡ್ರಿಯ ಗೋಡೆಗೆ ತೂಗುಹಾಕಿದರು. ಬಂದ ಗಿರಾಕಿಗಳಿಗೆಲ್ಲ, "ಇದು ಬಹಳ ಮೇಲಿನ ಮಹಡಿ," ಎಂದು ವಿವರಿಸಿದರು. ಕಲೆಯಕ್ಕ ಮರುದಿನ ಟೆಲಿಸ್ಕೋಪನ್ನು ಉತ್ತರಕ್ಕೆ ತಿರುಗಿಸಿದಳು. ಅಲ್ಲೂ ಅದೇ ಹೂವು. ಪಶ್ಚಿಮದಲ್ಲೂ ಅದೇ. ಎದುರುಮನೆಯ ನೀರಿನ ಟ್ಯಾಂಕಿನ ಮೇಲೂ ಅದೇ ಹೂವು ಅರಳಿತ್ತು.

"ಅಂಗಿ ಬದಲಾಯಿಸಿದ್ರೂ ಕಲೆ ಹೋಗ್ಲಿಲ್ಲ ಅಂದ್ರೆ ಕಲೆ ಇರೋದು ಕನ್ನಡಕದಲ್ಲಿ," ಎಂದ ತಮ್ಮ. ಅಂಗಡಿಗೆ ಬಂದವರಿಗೆಲ್ಲ ಹೇಳಿ ಹೇಳಿ ಅವನಿಗೆ ಅಭ್ಯಾಸವಾದ ಮಾತು ಅದು.

ಆಗ ಕಲೆಯಕ್ಕನಿಗೆ ಕುರ್ಚಿಯವನ ನೆನಪಾಯಿತು. ಅವನು ಹೇಳಿದ್ದೇನು? ಡಾಕ್ಟರಿಗೆ ಫೋನು ಮಾಡಿದರೆ, ಆತ ಹಲ್ಲು ಕಟ್ಟಿಸಿಕೊಂಡು ಎಲ್ಲೋ ಪ್ರವಾಸ ಹೋದನೆಂದು ತಿಳಿಯಿತು. ಉಳಿದದ್ದು ಒಂದೇ ದಾರಿ. ಮನೆಮಂದಿಯೆಲ್ಲ ಬಟ್ಟೆ ಸಿಕ್ಕಿಸುವ ಕ್ಲಿಪ್ಪನ್ನು ಹಲ್ಲುಗಳ ನಡುವೆ ಅಡ್ಡ ಇಟ್ಟುಕೊಂಡು, ಬಾಯಿ ಮುಚ್ಚಲಾಗದಂತೆ ಕೂತು, ಒಬ್ಬೊಬ್ಬರೇ ಒಂದೊಂದು ಪದ ಹೇಳಿ ನೋಡಿದರು.

ಗಂಡ, "ಅಂಉ," ಎಂದು, ಕ್ಲಿಪ್ಪು ತೆಗೆದು, "ಸಂಚು! ಆ ಡಾಕ್ಟ್ರು ಸಂಚು ಮಾಡಿದಾರೆ ಅಂತ ಹೇಳಿದ್ದು," ಎಂದ.

"ಅಂಉ," ಎಂದರು ಮಾವ. "ಹಂಚು. ದುಡ್ಡಲ್ಲಿ ನನಗೂ ಪಾಲು ಹಂಚು ಅಂತ."

"ಅಂಚು ಇರಬಹುದಾ?" ಎಂದ ತಮ್ಮ. "ಆದ್ರೆ ಹೂವು ಅಂಚಲ್ಲಿಲ್ಲ, ಮಧ್ಯದಲ್ಲಿದೆ."

ಅಷ್ಟರಲ್ಲಿ ಕೋಟು ಕೊಂಡೊಯ್ಯಲು ಬಂದ ಗಿರಾಕಿಯೊಬ್ಬಳು, ಬಾಯಿ ತೆರೆದು ಊಳಿಡುತ್ತಿದ್ದ ನಾಲ್ವರನ್ನು ಕಂಡು, ಕೋಟು ಬೇಡವೆಂದು ಹೊರಟುಹೋದಳು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಸುಳ್ಳಲ್ಲ.

ಕಲೆಯಕ್ಕ ಕೊನೆಗೆ ಕ್ಲಿಪ್ಪು ಕಚ್ಚಿ ನಿಧಾನವಾಗಿ ಹೇಳಿದಳು, "ಅಂ... ಉ." ಕ್ಲಿಪ್ಪು ಕೆಳಗೆ ಬಿತ್ತು. "ಮಂಜು!"

ಸೆನ್ಸರಿರುವ ಗೂಡಿನೊಳಗೆ ತೇವ ಸೇರಿ, ತಣ್ಣಗಾದಾಗಲೆಲ್ಲ ಅದು ಗಾಜಿನ ಮೇಲೆ ಮಂಜಾಗಿ ಹೆಪ್ಪುಗಟ್ಟುತ್ತಿತ್ತು. ಗೂಡಿನೊಳಗೆ ತೇವ ಹೀರುವ ಮಾತ್ರೆಗಳಿರುತ್ತವೆ, ಅವು ಕುಡಿದು ಕುಡಿದು ಸಾಕಾಗಿ ಕೈಚೆಲ್ಲಿವೆ, ಹೊರತೆಗೆದು ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತವೆ ಎಂದು ತಮ್ಮ ಎಲ್ಲೋ ಓದಿ ಹೇಳಿದ. ಕಲೆಯಕ್ಕ ಇಸ್ತ್ರಿ ಮೇಜಿನ ಮೇಲೆ ಕ್ಯಾಮೆರಾ ಬಿಚ್ಚಿ, ಇಸ್ತ್ರಿ ಪೆಟ್ಟಿಗೆಯನ್ನು ಅಂಗಾತ ಮಲಗಿಸಿ, ಅದರ ಹೊಟ್ಟೆಯ ಮೇಲೆ ಮಾತ್ರೆಗಳನ್ನು ಹುರಿದಳು. ಆಕೆ ಅತ್ತ ತಿರುಗಿದಾಗ ಮಾವ ಆರಿದ್ದೊಂದನ್ನು ಮಂಡಿನೋವಿನ ಮಾತ್ರೆಯೆಂದು ಬಾಯಿಗೆ ಹಾಕಿಕೊಂಡರು. ಅದು ನಾಲಿಗೆಗೆ ಅಂಟಿ ಕೂತಿತು. ಬಿಡಿಸಿ, ತೊಳೆದು, ಅದನ್ನು ಮತ್ತೊಮ್ಮೆ ಹುರಿಯಬೇಕಾಯಿತು.

ಹೂವು ಮಾಯವಾಯಿತು. ಅದರ ಜಾಗದಲ್ಲಿ ಆಕಾಶದ ಈ ತುದಿಯಿಂದ ಆ ತುದಿಗೆ ಕಪ್ಪು ಎಳೆಯೊಂದು ಹಾವಿನಂತೆ ಮಲಗಿತ್ತು.

"ಹೊಸದೇನೋ ಸಿಕ್ತು!" ಎಂದರು ಮಾವ.

"ಟವೆಲ್ಲಿನ ಎಳೆ," ಎಂದಳು ಕಲೆಯಕ್ಕ, ಅಳುವುದೊಂದು ಬಾಕಿ. ಲಾಂಡ್ರಿಯಲ್ಲಿ ಬಿಚ್ಚಿದ್ದೇ ತಪ್ಪಾಗಿತ್ತು. ಕೆಳಗೆ ನೂಲು, ಅಡುಗೆಮನೆಯಲ್ಲಿ ಹಬೆ, ಬಚ್ಚಲಲ್ಲಿ ನೀರು, ಮಲಗುವ ಕೋಣೆಯಲ್ಲಿ ಕಂಬಳಿ. ಒಣಗಿದ ಜಾಗದಲ್ಲೆಲ್ಲ ಧೂಳು, ಧೂಳಿಲ್ಲದ ಜಾಗದಲ್ಲೆಲ್ಲ ತೇವ. ಬಟ್ಟೆಯೂ ನೀರೂ ಇಲ್ಲದ ನಾಲ್ಕು ಗೋಡೆ ಎಲ್ಲಿ ಸಿಗುತ್ತದೆ?

ಮಾವ ಗಂಟಲು ಸರಿಮಾಡಿಕೊಂಡರು. "ಲಿಫ್ಟು," ಎಂದರು.

ಯಾರೂ ನಗಲಿಲ್ಲ. ಯೋಚಿಸಿದಷ್ಟೂ ಅವರು ಹೇಳಿದ್ದು ಸರಿಯೆನಿಸಿತು. ಉಕ್ಕಿನ ತಗಡಿನ ಗೋಡೆ, ರಬ್ಬರಿನ ನೆಲ, ಒಳಗೆ ಒಂದು ಕರವಸ್ತ್ರವೂ ಇಲ್ಲ.

ಲಾಂಡ್ರಿಗೆ ವಾರದ ರಜೆಯ ದಿನ, ಊಟವಾಗಿ ಆಫೀಸುಗಳೆಲ್ಲ ತೂಕಡಿಸುವ ಹೊತ್ತಿಗೆ, ಮಾವ ತಮ್ಮ ಹಳೆಯ ಸಮವಸ್ತ್ರ ತೊಟ್ಟು ಹೊರಟರು. ಅದರಿಂದ ನೂಲು ಉದುರೀತೆಂದು ಕಲೆಯಕ್ಕ ಹೇಳಿದ್ದಕ್ಕೆ ಅದರ ಮೇಲೆ ಪ್ಲಾಸ್ಟಿಕ್ಕಿನ ಕೋಟುಚೀಲ ಧರಿಸಲು ಒಪ್ಪಿದರು. ಆದರೆ ಗುಂಡಿಗಳು ಕಾಣುವಂತಿರಬೇಕೆಂದು ಹಟ ಹಿಡಿದರು. ಕಲೆಯಕ್ಕನೂ ಗಂಡನೂ ತಲೆಗೆ ಸ್ನಾನದ ಟೋಪಿ ಹಾಕಿಕೊಂಡರು. ಕಾವಲುಗಾರ ಮಾವನನ್ನು ಕಂಡು ಸಲಾಮು ಹೊಡೆದ. ಹಿಂದಿದ್ದವರನ್ನು ಕಂಡು ಕೈ ಇಳಿಸಿದ.

ಮಾವ ಮಡಚುವ ಕಬ್ಬಿಣದ ಗೇಟು ಎಳೆದು, ಗುಂಡಿಯೊತ್ತಿ, ಮೂರು ದಾಟಿ ನಾಲ್ಕು ಮುಟ್ಟುವ ಮೊದಲು ಗೇಟನ್ನು ಒಂದೇ ಬೆರಳಿನಷ್ಟು ಸರಿಸಿದರು. ಲಿಫ್ಟು ಗಕ್ಕನೆ ನಿಂತಿತು. ಅವರ ಮುಖದಲ್ಲಿ ಬಹಳ ದಿನಗಳಿಂದ ಕಾಣದಿದ್ದ ಕಳೆಯಿತ್ತು. ಗಂಡ ಟಾರ್ಚು ಹಿಡಿದ. ಕಲೆಯಕ್ಕ ಉಸಿರು ಬಿಗಿಹಿಡಿದು ಒಂದೊಂದೇ ತಿರುಪು ಬಿಚ್ಚಿದಳು. ಎಳೆ ಕಂಡಿತು. ಗಾಳಿಯೂದುವ ರಬ್ಬರ್ ಬುರುಡೆಯಿಂದ ಊದಿದಳು, ಕದಲಲಿಲ್ಲ. ಹತ್ತಿಕಡ್ಡಿಯಿಂದ ಮುಟ್ಟಲು ಧೈರ್ಯ ಬರಲಿಲ್ಲ. ಹತ್ತಿ ಇನ್ನೆರಡು ಎಳೆ ಬಿಟ್ಟರೆ? ಅಷ್ಟರಲ್ಲಿ ಮಹಡಿಮಹಡಿಯಿಂದ ಕರೆಗಂಟೆ ಶುರುವಾಯಿತು.

"ಯಾರ್ರೀ ಅದು ಲಿಫ್ಟ್ ನಿಲ್ಲಿಸಿರೋದು?" ಎಂದು ಮೇಲಿನಿಂದ ದನಿ ಬಂತು. ನಾಲ್ಕನೇ ಮಹಡಿಯ ಗೇಟಿನ ಸರಳುಗಳ ಹಿಂದೆ, ಅವರ ತಲೆಗಿಂತ ಸ್ವಲ್ಪ ಮೇಲೆ, ಎರಡು ಬೂಟುಗಳು ಕಂಡವು. ಆಮೇಲೆ ಬೂಟಿನವರು ಬಗ್ಗಿದರು. ಹಲ್ಲಿನ ಡಾಕ್ಟರು.

"ನೀವು ಕೊಟ್ಟಿದ್ದೇ!" ಎಂದು ಗಂಡ ಕ್ಯಾಮೆರಾ ಎತ್ತಿ ತೋರಿಸಿದ. "ಹೂವಿನ ಹಾಗೆ ಇಟ್ಟಿದ್ದೀನಿ ಅಂದ್ರಲ್ಲ, ಒಳಗೆ ಹೂವೇ ಇತ್ತು!"

"ಅಯ್ಯೋ, ನಾನು ಅದನ್ನ ಒಂದು ಸಲಾನೂ ಹಚ್ಚಿ ನೋಡಿಲ್ಲ ಕಣ್ರೀ," ಎಂದರು ಡಾಕ್ಟರು. "ಕೊಂಡ ದಿನದಿಂದ ಬರೀ ಮೋಡ." ಆಮೇಲೆ ಅವರ ಕಣ್ಣು ಕಿರಿದಾಯಿತು. "ಏನಾಗಿದೆ? ಎಲ್ಲಿ, ಈ ಕಡೆ ತಿರುಗಿಸಿ."

ಅವರು ಕ್ಲಿನಿಕ್ಕಿಗೆ ಓಡಿ ತಲೆದೀಪ, ಉದ್ದ ಹಿಡಿಯ ಪುಟ್ಟ ಕನ್ನಡಿ, ಬಾಗಿದ ಚಿಮುಟ ತಂದು ಹಜಾರದ ನೆಲದ ಮೇಲೆ ಬೋರಲು ಮಲಗಿದರು. ಸರಳುಗಳ ಸಂದಿಯಿಂದ ಎರಡೂ ಕೈ ತೂರಿಸಿದರು. ಗಂಡ ಕ್ಯಾಮೆರಾವನ್ನು ಮೇಲೆತ್ತಿ ಹಿಡಿದ.

"ಇನ್ನೂ ಸ್ವಲ್ಪ ಅಗಲಿಸಿ... ಹಾ, ಹಾಗೇ... ನೋವಾದ್ರೆ ಎಡಗೈ ಎತ್ತಿ," ಎಂದರು ಡಾಕ್ಟರು, ಅಭ್ಯಾಸಬಲದಿಂದ. ಗಂಡನ ಕೈ ನಿಜಕ್ಕೂ ನೋಯುತ್ತಿತ್ತು. ಆದರೆ ಎತ್ತಿದರೆ ಕ್ಯಾಮೆರಾ ಬೀಳುತ್ತದೆಂದು ಹಲ್ಲು ಕಚ್ಚಿ ನಿಂತ. ಕೆಳಗಿನಿಂದ ಕಾವಲುಗಾರ ಕೂಗುತ್ತಿದ್ದ. ಮೂರನೇ ಮಹಡಿಯ ಗುಮಾಸ್ತರು ಸಾಲಾಗಿ ನಿಂತು ಮೇಲೆ ನೋಡುತ್ತಿದ್ದರು. "ಶಸ್ತ್ರಕ್ರಿಯೆ ನಡೀತಿದೆ, ಗಲಾಟೆ ಬೇಡ!" ಎಂದು ಮಾವ ಗದರಿದರು. ಎಲ್ಲರೂ ಬಾಯಿ ಮುಚ್ಚಿದರು.

"ಬಂತು," ಎಂದರು ಡಾಕ್ಟರು. ಚಿಮುಟದ ತುದಿಯಲ್ಲಿ ಕಣ್ರೆಪ್ಪೆಯಷ್ಟು ಉದ್ದದ ನೀಲಿ ಎಳೆಯಿತ್ತು. ಮೂರನೇ ಮಹಡಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಕಲೆಯಕ್ಕ ಬಿಗಿಹಿಡಿದಿದ್ದ ಉಸಿರು ಬಿಟ್ಟು, ಮಾತ್ರೆಗಳನ್ನು ಜಾಗದಲ್ಲಿ ಕೂರಿಸಿ, ಗೂಡು ಮುಚ್ಚಿದಳು. "ಇನ್ನೊಂದು ಗಂಟೆ ಏನೂ ತಿನ್ನ..." ಎಂದು ಶುರುಮಾಡಿದ ಡಾಕ್ಟರು ತಾವೇ ನಕ್ಕು ಸುಮ್ಮನಾದರು.

ಕಟ್ಟಡದವರು ಮಾವನಿಗೆ ಲಿಫ್ಟು ಹತ್ತದಂತೆ ನಿಷೇಧ ಹಾಕಿದರು. ಫಲಕದ ಕೆಳಗೆ ಅದನ್ನೂ ಬರೆಸಿದರು. ಮಾವನಿಗೆ ಇದರಿಂದ ಬೇಸರವಾಗಲಿಲ್ಲ. ಉಳಿದವರೆಲ್ಲ ಸುಮ್ಮನೆ ಹತ್ತುವ ಲಿಫ್ಟಿನಲ್ಲಿ ತಮ್ಮೊಬ್ಬರ ಬಗ್ಗೆ ಮಾತ್ರ ಬರೆದಿದ್ದಾರೆಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು.

ಮೋಡ ಸರಿದ ಮೇಲೆ ಕಲೆಯಕ್ಕನಿಗೆ ಮಹಾವ್ಯಾಧ ನೀಹಾರಿಕೆ ಸಿಕ್ಕಿತು. ಬಿಳಿ ಅಂಗಿಯ ಜೇಬಿನಲ್ಲಿ ಕೆಂಪು ಶಾಯಿಯ ಪೆನ್ನು ಸೋರಿ, ಯಾರೋ ಅವಸರದಲ್ಲಿ ಒರೆಸಿದ ಹಾಗಿತ್ತು. ಗಂಡ ನೋಡಿ, "ಚೆನ್ನಾಗಿದೆ," ಎಂದ, ನಿಜವಾಗಿಯೂ. ಮಾವ ಮಾತ್ರ ಮೊದಲಿನ ಮಂಜಿನ ಹೂವೇ ವಾಸಿ ಎಂದು ಅದನ್ನು ಗೋಡೆಯಿಂದ ಇಳಿಸಲು ಬಿಡಲಿಲ್ಲ. ಎರಡೂ ಅಕ್ಕಪಕ್ಕ ತೂಗಿದವು. ಗಿರಾಕಿಗಳು ಹೆಚ್ಚಾಗಿ ಹೂವನ್ನೇ ಹೊಗಳುತ್ತಿದ್ದರು.

ಈಗ ಆಕೆ ಹಗಲಲ್ಲೂ ಚಿತ್ರ ತೆಗೆಯುತ್ತಾಳೆ. ಸೆನ್ಸರಿನ ಸ್ವಂತ ಚುಕ್ಕೆಗಳನ್ನು ಕಳೆಯಲು, ಅಷ್ಟೇ ತಂಪಿನಲ್ಲಿ, ಮುಚ್ಚಳ ಹಾಕಿಯೇ ಬರೀ ಕತ್ತಲೆಯ ಚಿತ್ರಗಳನ್ನು ತೆಗೆದಿಟ್ಟುಕೊಳ್ಳಬೇಕಂತೆ. ಕ್ಯಾಮೆರಾ ಲಾಂಡ್ರಿಯ ಕೌಂಟರಿನ ಮೇಲೆ ಮುಚ್ಚಳ ಹಾಕಿಕೊಂಡು ಗುಂಯ್‌ಗುಡುತ್ತಿರುತ್ತದೆ. ಮೊನ್ನೆ ಪರದೆಬಟ್ಟೆ ತಂದ ಗಿರಾಕಿಯೊಬ್ಬ ಅದರ ಮುಂದೆ ನಿಂತು, "ಏನು ಫೋಟೋ ತೆಗೀತಿದೆ ಇದು?" ಎಂದು ಕೇಳಿದ.

"ಮುಚ್ಚಳದ್ದು," ಎಂದ ಗಂಡ, ಇಸ್ತ್ರಿಯಿಂದ ತಲೆಯೆತ್ತದೆ.

ಗಿರಾಕಿ ಒಂದು ಗಳಿಗೆ ಯೋಚಿಸಿ, ಕೂದಲು ಸರಿಮಾಡಿಕೊಂಡು, ಅಡ್ಡ ಬರಬಾರದೆಂದು ಪಕ್ಕಕ್ಕೆ ಸರಿದು ನಿಂತ.