ಮುಚ್ಚದ ಗೀರು

ಕರುಳಿನ ಕ್ಯಾನ್ಸರ್ ಕೋಶಗಳನ್ನು ಲ್ಯಾಬಿನ ಪುಟ್ಟ ತಟ್ಟೆಯಲ್ಲಿ ಬೆಳೆಸಿ, ಅವುಗಳ ಒಂದು ಜೀನ್ ಕೆಲಸ ಮಾಡದಂತೆ ತಡೆದು, ಏನಾಗುತ್ತದೆಂದು ನೋಡುವುದು ನನ್ನ ಕೆಲಸ. ಕೋಶಗಳ ಹಾಸಿನ ನಡುವೆ ಸಣ್ಣ ಗೀರು ಎಳೆದರೆ ಎರಡೂ ಕಡೆಯವು ಹರಡಿಕೊಂಡು ಅದನ್ನು ಮುಚ್ಚಿಬಿಡುತ್ತವೆ. ಜೀನನ್ನು ಸುಮ್ಮನಾಗಿಸಿದ ತಟ್ಟೆಯಲ್ಲಿ ಮರುದಿನವೂ ಗೀರು ಹಾಗೇ ತೆರೆದಿತ್ತು. ಕೋಶಗಳೂ ಅಷ್ಟಾಗಿ ಹೆಚ್ಚಿರಲಿಲ್ಲ. ಹರಡುವುದನ್ನು ನಿಲ್ಲಿಸಿದ ಹೆಮ್ಮೆಯಲ್ಲಿ ಫೋಟೊ ತೆಗೆದು ದೊಡ್ಡೇರಿಯ ದೊಡ್ಡಮ್ಮನಿಗೆ ಕಳಿಸಿದೆ. ಅವಳಿಗೂ ಅದೇ ಕಾಯಿಲೆ. ಆಪರೇಷನ್ ಮುಗಿದು ಕೀಮೊ ನಡೆಯುತ್ತಿತ್ತು.

ಮುಂದಿನ ವಾರ ಊರಿಗೆ ಹೋದಾಗ ಜಗಲಿಯಲ್ಲಿ ಹೆಂಗಸರು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ದೊಡ್ಡಮ್ಮ ಕುಟ್ಟುವುದನ್ನು ಅವರಿಗೆ ಬಿಟ್ಟು ನಾರು ತೆಗೆಯುತ್ತಿದ್ದಳು. ನಾನು ಕಳಿಸಿದ ಫೋಟೊ ತೆರೆದಿದ್ದ ಅವಳ ಫೋನು ಎಲ್ಲರ ಅಂಟು ಕೈಗಳಲ್ಲಿ ಸುತ್ತು ಬರುತ್ತಿತ್ತು.

“ಇದು ನನ್ ಹೊಟ್ಟೇದೇ ಕಣಮ್ಮ. ನಮ್ ಹುಡ್ಗಿ ನಿಲ್ಲಿಸ್ಬುಟ್ಟವ್ಳೆ. ಇನ್ಯಾಕೆ ತುಮ್ಕೂರಿಗೆ ಹೋಗ್ಲಿ?” ಎನ್ನುತ್ತಿದ್ದಳು ದೊಡ್ಡಮ್ಮ.

ಆಪರೇಷನ್ನಿನಲ್ಲಿ ತೆಗೆದ ತುಂಡನ್ನು ಲ್ಯಾಬಿಗೆ ಕಳಿಸುತ್ತೇವೆಂದು ಡಾಕ್ಟರು ಹೇಳಿದ್ದರಂತೆ. ನಾನಿರುವುದೂ ಲ್ಯಾಬಿನಲ್ಲಿ. ಅದು ನನ್ನ ಕೈಗೇ ಬಂದಿದೆ ಎಂದು ಅವಳ ನಂಬಿಕೆ. ಸೋಮವಾರ ತುಮಕೂರಿನ ಆಸ್ಪತ್ರೆಯಲ್ಲಿದ್ದ ಕೀಮೊ ಬೇಡವೆಂದು ಮಗನಿಗೆ ಹೇಳಿಯೂ ಆಗಿತ್ತು. ಈ ಕೋಶಗಳು ಬೇರೆಯವರವು ಎಂದು ಫೋಟೊ ಕಳಿಸಿದ ದಿನ ಫೋನಿನಲ್ಲೇ ಹೇಳಿದ್ದೆ ಅಂತ ನನ್ನ ನೆನಪು. ಆ ನೆನಪು ನನಗೆ ಅನುಕೂಲಕರ. ಅದಕ್ಕೇ ಪೂರ್ತಿ ನಂಬುವುದಿಲ್ಲ.

ಎಲ್ಲರೆದುರೇ ಹೇಳಬೇಕಾಯಿತು. ಅವು ಎಷ್ಟೋ ವರ್ಷದ ಹಿಂದಿನ ಯಾರದೋ ಗೆಡ್ಡೆಯ ಕೋಶಗಳು, ಲ್ಯಾಬುಗಳಲ್ಲಿ ಇನ್ನೂ ಬೆಳೆಯುತ್ತಲೇ ಇವೆ. ತಟ್ಟೆಯಲ್ಲಿ ನಿಂತದ್ದು ಮೈಯಲ್ಲೂ ನಿಲ್ಲುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಅವಳಿಗೆ ಈಗ ಬೇಕಾದದ್ದು ಕೀಮೊ.

ಕುಟ್ಟುವ ಸದ್ದು ನಿಂತಿತು. ಇಷ್ಟು ಹೊತ್ತು ಯಾರದೋ ಹೊಟ್ಟೆ ನೋಡಿ ಹೊಗಳಿದೆವಲ್ಲ ಎಂದು ಒಬ್ಬಾಕೆ ನಕ್ಕಳು. ದೊಡ್ಡಮ್ಮ ನಗಲಿಲ್ಲ.

“ಅವ್ರು ಬದುಕವ್ರಾ?”

“ಗೊತ್ತಿಲ್ಲ ದೊಡ್ಡಮ್ಮ.”

“ಇಂಗೆ ಇನ್ನೂ ಕೆಲ್ಸಕ್ಕೆ ಬತ್ತಾ ಐತೆ ಅಂತ ಅವ್ರ ಮನೆಯೋರ್ಗೆ ಗೊತ್ತಾ?”

ಅದೂ ಗೊತ್ತಿಲ್ಲವೆಂದೆ. ಅವಳು ಕೈಯ ಅಂಟನ್ನು ಸೆರಗಿಗೆ ಒರೆಸಿಕೊಂಡು ಫೋನು ಇಸಿದುಕೊಂಡಳು.

“ನಂದನ್ನೂ ಯಾರಾದ್ರೂ ಇಟ್ಕೊಂಡಿದ್ರೆ ಇಟ್ಕೊಳ್ಲಿ ಬುಡು. ಸೋಮ್ವಾರ ತುಮ್ಕೂರಿಗೆ ನೀನೂ ಬಾ.”

ಸೋಮವಾರ ತುಮಕೂರಿನ ಬಸ್ಸಿನಲ್ಲಿ ಪಕ್ಕದ ಹೆಂಗಸಿಗೂ ಫೋಟೊ ತೋರಿಸಿದಳು. ತನ್ನದಲ್ಲ, ಯಾರೋ ಪುಣ್ಯಾತ್ಮರದು ಎಂದು ಮೊದಲೇ ಹೇಳಿ, ನಿಲ್ಲಿಸಿದವಳು ಇವಳು ಎಂದು ನನ್ನತ್ತ ಕೈ ತೋರಿಸಿದಳು. ತಟ್ಟೆಯಲ್ಲಿ ಮಾತ್ರ ಎಂದು ನಾನು ಸೇರಿಸಿದೆ.

“ತಟ್ಟೇಲಾದ್ರೂ ನಿಂತೈತಲ್ಲ, ಸುಮ್ಕಿರು,” ಎಂದು ದೊಡ್ಡಮ್ಮ ಫೋಟೊ ಇನ್ನಷ್ಟು ದೊಡ್ಡದು ಮಾಡಿದಳು.