ಅಜ್ಜಯ್ಯನ ಹೊಟ್ಟೆ, ಸನಿತನ ಹಸಿವು

ಒಂಬತ್ತು ವರ್ಷಗಳಲ್ಲಿ ಮೊದಲ ಸಲ ವಿಹಾರದ ಭಿಕ್ಷು ಪ್ರಯೂನ್ ಅಜ್ಜಯ್ಯ ಭಿಕ್ಷೆಗೆ ಬರಲಿಲ್ಲ.

ಲಮೂನ್ ಎಂದಿನಂತೆ ಗೇಟಿನ ಮುಂದೆ ಚಪ್ಪಲಿ ಬಿಟ್ಟು, ಮಣೆಯ ಮೇಲೆ ಅನ್ನದ ಬೋಗುಣಿ ಇಟ್ಟು, ಪಕ್ಕದಲ್ಲಿ ಬಾಳೆಲೆಯಲ್ಲಿ ಸುತ್ತಿದ ಮೋಕೆಂಗ್ ಇಟ್ಟು ಕಾದಳು. ಮೊಟ್ಟೆ, ತೆಂಗಿನ ಹಾಲು, ತಾಳೆಬೆಲ್ಲ ಕಲಸಿ, ಕೆಳಗೂ ಕೆಂಡ ಮೇಲೂ ಕೆಂಡ ಹಾಕಿ ಗಿಣ್ಣಿನ ಹಾಗೆ ಬೇಯಿಸಿ, ಮೇಲೆ ಹುರಿದ ಸಣ್ಣ ಈರುಳ್ಳಿ ಉದುರಿಸಿದ ಸಿಹಿ ಅದು. ಪೆಚ್ಚಬುರಿ ಸೀಮೆಯ ತಾಳೆ ತೋಪುಗಳ ನಡುವೆ ಹುಟ್ಟಿದ ಹೆಂಗಸಿಗೆ ಮೋಕೆಂಗ್ ಮಾಡಲು ಬರುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಲಮೂನಳ ಕೈಯ ಮೋಕೆಂಗ್ ಅಂದರೆ ಪಕ್ಕದ ಊರಿನವರೂ ಬಾಯಿ ಚಪ್ಪರಿಸುತ್ತಿದ್ದರು.

ಆರೂಕಾಲಾಯಿತು. ಆರೂವರೆಯಾಯಿತು. ಅನ್ನದ ಹಬೆ ನಿಂತಿತು.

ಎದುರು ಮನೆಯ ಬುಪ್ಪಾ ಕಸಬರಿಗೆ ಹಿಡಿದು ಹೊರಗೆ ಬಂದಳು. "ಅಕ್ಕಾ, ಒಳಗೆ ಹೋಗು. ನಿನ್ನ ಅಜ್ಜಯ್ಯ ಇವತ್ತು ಬರಲ್ಲ. ಮಂಡಿ ಊದಿ ಕುಂಬಳಕಾಯಿ ಆಗಿದೆಯಂತೆ."

"ಯಾರು ಹೇಳಿದ್ದು?"

"ವಿಹಾರದ ಖೇಮ್. ನೆನ್ನೆ ಸಂಜೆ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರು. ಗಾಡಿ ಮುಂದೆ ಹಿಡಿಸಲಿಲ್ಲ ಅಂತ ಹಿಂದೆ ಕೂರಿಸಿಕೊಂಡು ಹೋದ್ರಂತೆ, ಅಕ್ಕಿಮೂಟೆ ಹಾಕೋ ಜಾಗದಲ್ಲಿ."

"ನಗಬೇಡ ಕಣೇ, ಪಾಪ ಬರುತ್ತೆ."

"ಪಾಪ ನನಗ್ಯಾಕೆ ಬರುತ್ತೆ? ಬೆಳೆಸಿದೋಳು ನೀನು!"

ಲಮೂನ್ ಬೋಗುಣಿ ಎತ್ತಿಕೊಂಡು ಒಳಗೆ ಹೋದಳು. ಅವಳಿಗೆ ಬುಪ್ಪಾಳ ಮಾತಿಗಿಂತ ಬೇರೆ ಚಿಂತೆ ಹತ್ತಿತ್ತು. ಅಜ್ಜಯ್ಯ ಬರದಿದ್ದರೆ ಇವತ್ತು ಸನಿತನಿಗೆ ಊಟವಿಲ್ಲ.

ಸನಿತ್ ಅವಳ ಗಂಡ. ಮೂವತ್ತು ವರ್ಷ ತಾಳೆ ಮರ ಹತ್ತಿದವನು. ಬೆಳಗಿನ ಜಾವ ಬಿದಿರಿನ ಅಂಡೆಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಟರೆ ಬಿಸಿಲೇರುವಷ್ಟರಲ್ಲಿ ಇಪ್ಪತ್ತು ಮರದ ನೀರಾ ಇಳಿಸಿ ತರುತ್ತಿದ್ದ. ಲಮೂನ್ ಅದನ್ನು ದೊಡ್ಡ ಬಾಣಲೆಯಲ್ಲಿ ಕುದಿಸಿ ಬೆಲ್ಲ ಮಾಡುತ್ತಿದ್ದಳು. ಐವತ್ತೆರಡನೆಯ ವಯಸ್ಸಿನಲ್ಲಿ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಸನಿತ್ ಒಲೆಯ ಪಕ್ಕ ಕೂತವನು ಅಲ್ಲೇ ಕೂತ. ಮನುಷ್ಯ ಮಂಕಾಗಿಬಿಟ್ಟಿದ್ದ. ಅವನನ್ನು ನಗಿಸಲು ಲಮೂನ್ ಚೌಕ ತಟ್ಟೆಯ ಮೂಲೆಯಲ್ಲಿ ಸೀದು ಗರಿಗರಿಯಾದ ಮೋಕೆಂಗಿನ ತುಂಡು ಕೊಡುತ್ತಿದ್ದಳು. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಮರದ ಹಾಗೆ ಸಪೂರವಿದ್ದ ಗಂಡ ಹಂಡೆಯ ಹಾಗಾದ. ಆಮೇಲೆ ಸಕ್ಕರೆ ಕಾಯಿಲೆ ಬಂತು. ಕಾಲಿನ ಎರಡು ಬೆರಳು ತೆಗೆದರು.

ಅವತ್ತಿನಿಂದ ಲಮೂನ್ ಸಿಹಿಯೆಲ್ಲವನ್ನೂ ತಗಡಿನ ಬೀರುವಿಗೆ ಹಾಕಿ ಬೀಗ ಜಡಿದಳು. ಕೀಲಿಕೈ ಸೊಂಟಕ್ಕೆ. ಎರಡು ವರ್ಷ ಗಂಡನಿಗೆ ಬೆಲ್ಲದ ಒಂದು ಹರಳೂ ಸಿಗದ ಹಾಗೆ ನೋಡಿಕೊಂಡಳು. ಒಂದು ದಿನ ಬೆಳಿಗ್ಗೆ ಸನಿತ್ ಕೈ ಚಾಚಿದ. "ಲಮೂನ್, ಒಂದೇ ಒಂದು ಮೂಲೆ ತುಂಡು ಕೊಡೇ."

"ನಾಳೆ ರಕ್ತ ಪರೀಕ್ಷೆ ಇದೆ. ಅದಾದ ಮೇಲೆ ಕೊಡ್ತೀನಿ."

ಮಧ್ಯಾಹ್ನ ಮಲಗಿದವನು ಏಳಲಿಲ್ಲ.

ಭಿಕ್ಷುವಿನ ಪಾತ್ರೆಗೆ ಹಾಕಿದ್ದು ಸತ್ತವರಿಗೆ ಮುಟ್ಟುತ್ತದೆ. ಅವರಿಗೆ ಇಷ್ಟವಾದದ್ದನ್ನೇ ಹಾಕಬೇಕು. ಲಮೂನ್ ಒಂಬತ್ತು ವರ್ಷ ಒಂದು ದಿನವೂ ತಪ್ಪದೆ ಮೋಕೆಂಗ್ ಹಾಕಿದಳು, ಅದರ ಜೊತೆಗೆ ತೆಂಗಿನ ಹಾಲಿನ ಸಾರು, ಹಂದಿ ಮಾಂಸದ ಸಿಹಿ ಪಲ್ಯ. ಹಾಕಿ ಸುಮ್ಮನಾಗುತ್ತಿರಲಿಲ್ಲ. ವಿಹಾರದ ಊಟದ ಮಂಟಪಕ್ಕೂ ಹೋಗಿ ಕಂಬಕ್ಕೊರಗಿ ಕೂತು, ಅಜ್ಜಯ್ಯ ಕೊನೆಯ ಚಮಚ ಬಾಯಿಗಿಡುವವರೆಗೆ ನೋಡುತ್ತಿದ್ದಳು. ಮೊದಲ ವರ್ಷ ಒಂದು ಸಲ ಅಜ್ಜಯ್ಯ ಅರ್ಧ ಬಿಟ್ಟಿದ್ದರು. ಲಮೂನ್ ಅಲ್ಲೇ ಹೆಗಲ ವಸ್ತ್ರದಿಂದ ಮುಖ ಮುಚ್ಚಿಕೊಂಡು ಅತ್ತಿದ್ದಳು. ಆಮೇಲೆ ಅವರು ಎಂದೂ ಬಿಡಲಿಲ್ಲ.

ಪ್ರಯೂನ್ ಅಜ್ಜಯ್ಯ ಮೊದಲು ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತವರು. ಹೆಂಡತಿ ತೀರಿಕೊಂಡ ಮೇಲೆ, ಅರವತ್ತು ದಾಟಿ, ಕಾವಿ ಉಟ್ಟರು. ಬಂದಾಗ ಹಗ್ಗದ ಹಾಗಿದ್ದರು.

ಮಾರನೆಯ ದಿನ ಲಮೂನ್ ಊಟದ ಗಂಟು ಹೊತ್ತು ವಿಹಾರಕ್ಕೇ ಹೋದಳು. ಮಂಟಪದಲ್ಲಿ ಆಸ್ಪತ್ರೆಯ ದಾದಿ ಒರತೈ ತೂಕದ ಯಂತ್ರ ಇಟ್ಟುಕೊಂಡು ನಿಂತಿದ್ದಳು. ಅಜ್ಜಯ್ಯ ಖೇಮನ ಹೆಗಲು ಹಿಡಿದು ಯಂತ್ರದ ಮೇಲೆ ಹತ್ತಿದರು. ಓಣಿಯ ಹೆಂಗಸರೆಲ್ಲ ಕತ್ತು ಚಾಚಿದರು.

"ನೂರಾ ಎಂಟು," ಅಂದಳು ಒರತೈ.

"ಶುಭ ಸಂಖ್ಯೆ. ಜಪಮಾಲೆ ಪೂರ್ತಿ ಆಯ್ತು," ಅಂದರು ಅಜ್ಜಯ್ಯ.

"ನಗಿಸಬೇಡಿ ಅಜ್ಜಯ್ಯ. ಡಾಕ್ಟರು ಹೇಳಿದ್ದು ಕೇಳಿದ್ರಲ್ಲ? ಮಳೆಗಾಲದ ವ್ರತ ಶುರು ಆಗೋ ಹೊತ್ತಿಗೆ ತೊಂಬತ್ತೈದಕ್ಕೆ ಇಳೀಬೇಕು. ಇಲ್ಲದಿದ್ರೆ ಈ ಮಂಡಿ ಇಷ್ಟೇ. ಗಾಲಿ ಕುರ್ಚಿ."

ಅಜ್ಜಯ್ಯನ ನಗು ನಿಂತಿತು. "ಗಾಲಿ ಕುರ್ಚೀಲಿ ಕೂತು ಭಿಕ್ಷೆಗೆ ಹೋಗೋದು ಹೇಗಮ್ಮ? ಬರಿಗಾಲಲ್ಲಿ ಮನೆ ಮನೆ ಮುಂದೆ ನಿಲ್ಲೋದು ಬಿಟ್ರೆ ನನಗಿನ್ನೇನು ಕೆಲಸ ಬರುತ್ತೆ?"

"ಹಾಗಾದ್ರೆ ಊಟ ಕಮ್ಮಿ ಮಾಡಿ."

"ಇದು ಬೇಕು ಅನ್ನೋ ಹಾಗಿಲ್ಲ, ಅದು ಬೇಡ ಅನ್ನೋ ಹಾಗಿಲ್ಲ. ಪಾತ್ರೆಗೆ ಬಿದ್ದದ್ದು ನನ್ನ ಪಾಲು."

"ಬಿದ್ದದ್ದೆಲ್ಲ ಹೊಟ್ಟೆಗೆ ಹೋಗಲೇಬೇಕು ಅಂತ ಬುದ್ಧ ಹೇಳಿಲ್ಲವಲ್ಲ!"

ಹೆಂಗಸರ ಕಣ್ಣೆಲ್ಲ ಒಂದೇ ಸಲಕ್ಕೆ ಲಮೂನಳ ಗಂಟಿನ ಕಡೆ ತಿರುಗಿತು. ಅಜ್ಜಯ್ಯ ಮಾತ್ರ ನೋಡಲಿಲ್ಲ. ಆ ದಿನವೂ ಮೋಕೆಂಗನ್ನು ಪೂರ್ತಿ ತಿಂದರು. ಲಮೂನಳಿಗೆ ಮೊದಲ ಬಾರಿಗೆ ಆ ಕೊನೆಯ ಚಮಚ ನೋಡುವುದು ಕಷ್ಟವಾಯಿತು.

ಮನೆಗೆ ಹೊರಟವಳು ಕೊಡೆ ಮರೆತು ವಾಪಸ್ಸು ಬಂದಳು. ಕಂಬದ ಆಚೆ ಖೇಮನ ದನಿ ಕೇಳಿಸಿತು. ಖೇಮ್ ವಿಹಾರದ ಹಳೆಯ ಪರಿಚಾರಕ, ಎಪ್ಪತ್ತರ ಮುದುಕ.

"ಅಜ್ಜಯ್ಯ, ಇದಕ್ಕೊಂದು ಉಪಾಯ ಇದೆ. ಲಮೂನಕ್ಕನಿಗೆ ಹೇಳಿ, ಸನಿತ್ ಕನಸಲ್ಲಿ ಬಂದಿದ್ದ, ಬೇಯಿಸಿದ ಸೊಪ್ಪು ಕೇಳಿದ ಅಂತ. ಒಂದೇ ದಿನಕ್ಕೆ ಸಿಹಿ ಬಂದ್."

"ನನಗೆ ಕನಸು ಬಿದ್ದಿಲ್ಲವಲ್ಲಯ್ಯ."

"ಬಿತ್ತು ಅಂತ ಅನ್ನಿ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ. ಸುಳ್ಳು ಹೇಳಿ ಸಣ್ಣ ಆಗೋದಕ್ಕಿಂತ ದಪ್ಪಗೇ ಸಾಯ್ತೀನಿ ಬಿಡು. ಪಾಪ, ಆ ತಾಯಿ ಗಂಡನಿಗೆ ಉಣ್ಣಿಸ್ತಾ ಇದ್ದಾಳೆ. ಮಧ್ಯೆ ಬಂದದ್ದು ನನ್ನ ಹೊಟ್ಟೆ."

ಲಮೂನ್ ಕೊಡೆಯನ್ನೂ ಮರೆತು ಮುಂದೆ ಬಂದಳು. ಖೇಮ್ ತಟ್ಟೆ ತೊಳೆಯುವ ನೆಪದಲ್ಲಿ ಜಾಗ ಖಾಲಿ ಮಾಡಿದ. ಅವಳು ದೂರದಲ್ಲೇ ಮಂಡಿಯೂರಿ ಕೈ ಮುಗಿದಳು.

"ಅಜ್ಜಯ್ಯ, ಕೇಳ್ತೀನಿ ಅಂತ ಬೈಬೇಡಿ. ನಾನು ಹಾಕಿದ್ದು ಅವನಿಗೆ ಮುಟ್ಟುತ್ತಾ?"

ಅಜ್ಜಯ್ಯ ಊದಿದ ಮಂಡಿಯ ಮೇಲೆ ಕೈ ಆಡಿಸಿದರು. "ಸತ್ತವರು ಏನು ಉಣ್ತಾರೆ ಅಂತ ನಾನು ನೋಡಿ ಬಂದಿಲ್ಲ ತಾಯಿ. ಕೊಡೋ ಮನಸ್ಸು ಮುಟ್ಟುತ್ತೆ ಅಂತ ನಂಬಿದ್ದೀನಿ. ಸಕ್ಕರೆ ಮಾತ್ರ," ಹೊಟ್ಟೆ ತಟ್ಟಿಕೊಂಡರು, "ಇಲ್ಲೇ ಉಳಿದುಬಿಟ್ಟಿದೆ."

"ನಿಲ್ಲಿಸಿದ್ರೆ ಅವನು ಅಲ್ಲಿ ಮತ್ತೆ ಕೈ ಚಾಚ್ಕೊಂಡು ಕೂತಿರ್ತಾನೆ. ಒಂದು ಸಲ ಇಲ್ಲ ಅಂದಿದ್ದೀನಿ. ಎರಡನೇ ಸಲ ಹೇಗೆ ಅನ್ನಲಿ?"

ಅಜ್ಜಯ್ಯ ತೋಪಿನ ಕಡೆ ನೋಡುತ್ತಾ, "ನಾನು ಗಿರಣೀಲಿದ್ದಾಗ ಸನಿತನ್ನ ನೋಡ್ತಿದ್ದೆ. ಅಷ್ಟೆತ್ತರದ ಮರಾನ ಅಳಿಲಿನ ಹಾಗೆ ಹತ್ತೋನು. ಆವಾಗ ಏನು ಉಣ್ತಿದ್ದ?" ಅಂದರು.

"ಆವಾಗ ಏನಿತ್ತು ನಮ್ಮನೇಲಿ? ಅನ್ನ, ಮೆಣಸಿನಕಾಯಿ ಚಟ್ನಿ. ಸುಟ್ಟ ಮೀನು. ಈ ಚಳಿಗಾಲ ಬಂತು ಅಂದ್ರೆ ಬೇವಿನ ಹೂವು, ಬೇವಿನ ಚಿಗುರು. ಬುತ್ತಿ ಬಿಚ್ಚಿದ ತಕ್ಷಣ ಅದೇ ಮೊದಲು ಬಾಯಿಗೆ. ಸಿಹಿ ಅಂದ್ರೆ ಮುಖ ತಿರುಗಿಸೋನು. ಇಡೀ ದಿನ ಬೆಲ್ಲದ ವಾಸನೆ ಕುಡಿದು ಸಾಕಾಗಿದೆ, ದೂರ ಇಡೇ ಅದನ್ನ ಅಂತ…"

ಮಾತು ಅಲ್ಲಿಗೆ ನಿಂತಿತು. ಸಿಹಿ ಕಂಡರೆ ಮುಖ ತಿರುಗಿಸುತ್ತಿದ್ದ ಗಂಡಸಿಗೆ ಸಿಹಿ ರೂಢಿ ಮಾಡಿಸಿದ್ದು ಒಲೆಯ ಪಕ್ಕದ ಆ ಮೂಲೆ ತುಂಡುಗಳು. ಕೊಟ್ಟವಳು ತಾನು. ಕಿತ್ತುಕೊಂಡವಳೂ ತಾನೇ. ಅವಳಿಗೆ ಅಳು ಬರಬೇಕಿತ್ತು, ಬರಲಿಲ್ಲ. ಬದಲಿಗೆ ತೋಪಿನ ನೆರಳಲ್ಲಿ ಬುತ್ತಿ ಬಿಚ್ಚಿ ಕೂತ, ಎಣ್ಣೆಗಪ್ಪು ಬೆನ್ನಿನ, ಮೂವತ್ತರ ಸನಿತ್ ಕಣ್ಣ ಮುಂದೆ ಬಂದ. ಅವನೂ ಅವಳ ಗಂಡನೇ. ಅವನಿಗೆ ಒಂಬತ್ತು ವರ್ಷದಿಂದ ಯಾರೂ ಊಟ ಹಾಕಿರಲಿಲ್ಲ.

ಮರುದಿನ ಬೆಳಿಗ್ಗೆ ಹಿತ್ತಲಿನ ಬೇವಿನ ಮರದಿಂದ ಹೂವಿನ ಗೊಂಚಲು ಕಿತ್ತು, ಬಿಸಿ ಗಂಜಿನೀರಲ್ಲಿ ಅದ್ದಿ, ಸುಟ್ಟ ಮೀನಿನ ಜೊತೆ ಒಯ್ದಳು. ಅಜ್ಜಯ್ಯ ಎಲೆ ಬಿಚ್ಚಿ ನೋಡಿದರು. ಒಂದು ಗೊಂಚಲು ಬಾಯಿಗೆ ಹಾಕಿದರು. ಮುಖ ಹಿಂಡಿದ ಹುಣಿಸೆಹಣ್ಣಿನಂತಾಯಿತು.

"ಅಜ್ಜಯ್ಯನಿಗೆ ಬೇವು ಅಂದ್ರೆ ಆಗಲ್ಲ. ಚಿಕ್ಕಂದಿನಿಂದಲೂ ಆಗಲ್ಲ," ಎಂದು ಖೇಮ್ ಅವಳ ಕಿವಿಯಲ್ಲಿ ಪಿಸುಗುಟ್ಟಿದ.

"ನನ್ನ ಗಂಡನಿಗೆ ಆಗುತ್ತೆ," ಅಂದಳು ಲಮೂನ್.

ಲಮೂನ್ ಬೇವು ತಂದಳೆಂದರೆ ಬುಪ್ಪಾ ಸುಮ್ಮನಿರುವವಳೇ? ಮೂರನೆಯ ದಿನ ಹಾಗಲಕಾಯಿ ಸಾರು ತಂದಳು. ಓಣಿಯ ಮಿಕ್ಕವರು ಬದನೆಕಾಯಿ, ನುಗ್ಗೆಕಾಯಿ, ಬೇಯಿಸಿದ ಸೊಪ್ಪು ಹಿಡಿದು ಬಂದರು. ತೆಂಗಿನ ಹಾಲು ಹಾಕಿದವಳನ್ನು ಉಳಿದವರು ಗುರಾಯಿಸುವಂತಾಯಿತು. ಅಜ್ಜಯ್ಯ ಪಾತ್ರೆ ನೋಡಿ ನಿಟ್ಟುಸಿರು ಬಿಟ್ಟರು. "ಈ ಓಣಿಯವರಿಗೆ ನಾನು ಹೋದ ಜನ್ಮದಲ್ಲಿ ಏನು ಮಾಡಿದ್ದೆನೋ!"

ಎರಡು ತಿಂಗಳಲ್ಲಿ ಐದು ಕಿಲೋ ಇಳಿಯಿತು. ಊತ ಇಳಿದು, ಅಜ್ಜಯ್ಯ ಕೋಲು ಹಿಡಿದು ಓಣಿಯ ಅರ್ಧದವರೆಗೆ ಬರತೊಡಗಿದರು. ಲಮೂನಳ ಮನೆ ಓಣಿಯ ಕೊನೆ. ಅವಳೇ ಅರ್ಧ ದಾರಿ ನಡೆದು ಹೋಗಿ ಹಾಕುತ್ತಿದ್ದಳು. ಮೂರನೆಯ ತಿಂಗಳು ತೂಕದ ಮುಳ್ಳು ಅಲ್ಲೇ ನಿಂತಿತು. ಒರತೈ ಯಂತ್ರವನ್ನು ಅಲ್ಲಾಡಿಸಿ ನೋಡಿದಳು, ನೆಲ ಬದಲಾಯಿಸಿ ನೋಡಿದಳು. ನೂರಾ ಮೂರು ನೂರಾ ಮೂರೇ.

"ಹೊಟ್ಟೆಗೆ ಹಾಕೋದು ನಾವು. ನಮಗೆ ಗೊತ್ತಿಲ್ಲದ ಹಾಗೆ ಏನು ಹೋಗ್ತಾ ಇದೆ?" ಅಂದಳು ಬುಪ್ಪಾ.

ಸಕ್ಕರೆ ಕಾಯಿಲೆಯವನ ಜೊತೆ ಬಾಳಿದ ಲಮೂನಳಿಗೆ ಹುಡುಕುವ ಜಾಗ ಗೊತ್ತಿತ್ತು. ಕುಟೀರದ ಹಿಂದೆ ಹೋದಳು. ತಂಪು ಪಾನೀಯದ ಖಾಲಿ ಬಾಟಲಿಗಳು, ಸಿಹಿ ಹಾಲಿನ ಡಬ್ಬಗಳು ಗೋಡೆಯೆತ್ತರ ಪೇರಿಸಿದ್ದವು. ಮಧ್ಯಾಹ್ನದ ಮೇಲೆ ಭಿಕ್ಷು ಉಣ್ಣುವಂತಿಲ್ಲ, ಕುಡಿಯಬಹುದು. ಭಕ್ತರು ತಂದು ಸುರಿಯುತ್ತಿದ್ದದ್ದು ಅದನ್ನೇ.

"ಅಜ್ಜಯ್ಯ, ಇದೇನಿದು?"

ಅಜ್ಜಯ್ಯ ಸಿಕ್ಕಿಬಿದ್ದ ಮಗುವಿನ ಹಾಗೆ ತಲೆ ತಗ್ಗಿಸಿದರು. "ಸಂಜೆ ಐದು ಗಂಟೆಗೆ ಬರೋ ಹಸಿವು ಇದೆಯಲ್ಲ ತಾಯಿ, ಮೂಟೆ ಹೊತ್ತ ದೇಹ ನೋಡು, ಅದು ಬೇರೆ ಥರ. ಸಿಹಿ ಕುಡಿದ್ರೆ ಒಂದು ಗಳಿಗೆ ಸುಮ್ಮನಾಗುತ್ತೆ. ಆಮೇಲೆ ಇನ್ನೂ ಜೋರು. ಇನ್ನೊಂದು ಕುಡೀತೀನಿ."

ಸನಿತನೂ ಹೀಗೇ ಅಂದಿದ್ದ. ಅವತ್ತು ಅವಳು ಬೀಗ ಹಾಕಿದ್ದಳು. ಈ ಸಲ ಬೀಗ ಹಾಕಲಿಲ್ಲ, ಬೈಯಲೂ ಇಲ್ಲ. ಎಳೆಯ ಬಿಲ್ವದ ಕಾಯಿ ಬಿಲ್ಲೆ ಕೊಯ್ದು, ಒಣಗಿಸಿ, ಕೆಂಡದ ಮೇಲೆ ಕೆಂಪಗೆ ಹುರಿದು, ಕುದಿಸಿ ಸೋಸಿದ ನೀರನ್ನು ದಿನಾ ಸಂಜೆ ನಾಲ್ಕೂವರೆಗೆ ಫ್ಲಾಸ್ಕಿನಲ್ಲಿ ತಂದಿಟ್ಟಳು. ಸಕ್ಕರೆ ಇಲ್ಲದಿದ್ದರೂ ಸುಟ್ಟ ಬೆಲ್ಲದ ಪರಿಮಳ ಅದಕ್ಕೆ. ಐದು ಗಂಟೆಗೆ ಅಜ್ಜಯ್ಯ ಒಂದು ಲೋಟ ಕುಡಿದು ಅಂಗಳ ಗುಡಿಸತೊಡಗುತ್ತಿದ್ದರು. ಲಮೂನ್ ಆಚೆ ತುದಿಯಿಂದ ಗುಡಿಸುತ್ತಿದ್ದಳು. ಹಸಿವು ಬಂದು ನೋಡಿ, ಇಬ್ಬರೂ ಕೆಲಸದಲ್ಲಿದ್ದಾರೆಂದು ಹೋಗುತ್ತಿತ್ತು. ಕೆಲವು ದಿನ ಹೋಗುತ್ತಿರಲಿಲ್ಲ. ಅಂಥ ದಿನ ಅಜ್ಜಯ್ಯ ಅಂಗಳವನ್ನು ಎರಡು ಸಲ ಗುಡಿಸುತ್ತಿದ್ದರು.

ಮುಳ್ಳು ಮತ್ತೆ ಕದಲಿತು.

ಮಳೆಗಾಲದ ವ್ರತಕ್ಕೆ ಹತ್ತು ದಿನ ಇರುವಾಗ ಸನಿತನ ತಿಥಿ ಬಂತು. ಬೇವಿನ ಹೂವಿನ ಕಾಲ ಎಂದೋ ಮುಗಿದಿತ್ತು. ಲಮೂನ್ ಅವತ್ತು ಹಳೆಯ ತಟ್ಟೆ ತೆಗೆದು ಮೋಕೆಂಗ್ ಬೇಯಿಸಿದಳು. ಮೂಲೆ ಚೆನ್ನಾಗಿ ಸೀದು ಗರಿಗರಿಯಾಗುವವರೆಗೆ ಕೆಂಡ ಬಿಟ್ಟಳು. ಒಂದೇ ಒಂದು ಮೂಲೆ ತುಂಡು ಕತ್ತರಿಸಿ ಎಲೆಯಲ್ಲಿ ಸುತ್ತಿದಳು. ಉಳಿದದ್ದನ್ನು ಓಣಿಯವರಿಗೆ ಹಂಚಲು ಹೊರಗಿಟ್ಟಳು. ಸೊಂಟದ ಕೀಲಿಕೈ ಬಿಚ್ಚಿ ಖಾಲಿ ಬೀರುವಿನೊಳಗೇ ಹಾಕಿ ಬಾಗಿಲು ದೂಡಿದಳು.

ಅಜ್ಜಯ್ಯ ಎಲೆ ಬಿಚ್ಚಿ, ತುಂಡನ್ನು ಚಿಕ್ಕ ಚಿಕ್ಕ ಚೂರು ಮಾಡಿ, ಒಂದೊಂದನ್ನೂ ತುಂಬ ಹೊತ್ತು ಅಗಿದು ತಿಂದರು. ಅವರು ಮಂತ್ರ ಹೇಳುವಾಗ ಲಮೂನ್ ಪುಣ್ಯ ಸನಿತನಿಗೆ ಸೇರಲೆಂದು ಗಿಂಡಿಯಿಂದ ಬಟ್ಟಲಿಗೆ ನೀರು ಎರೆದಳು. ಆ ನೀರನ್ನು ಒಯ್ದು, ಸನಿತ್ ಮೊದಲು ಹತ್ತುತ್ತಿದ್ದ ತಾಳೆ ಮರದ ಬುಡಕ್ಕೆ ಹೊಯ್ದಳು. "ತಗೋ. ರಕ್ತ ಪರೀಕ್ಷೆ ಆಯ್ತು," ಅಂದಳು.

ವಾರದ ಮೇಲೆ ಒರತೈ ಬಂದಳು. ಮುಳ್ಳು ತೊಂಬತ್ತಾರರಲ್ಲಿ ನಿಂತಿತು.

"ಇನ್ನೊಂದು ಕಿಲೋ ಇತ್ತಲ್ಲ ಅಜ್ಜಯ್ಯ! ಏನು ಮಾಡಿದ್ರಿ?"

ಹೆಂಗಸರು ಮೇಲೆ ಕೆಳಗೆ ನೋಡಿದರು. ಸುಳ್ಳು ಬಾರದ ಅಜ್ಜಯ್ಯ ಹೇಳಿಯೇಬಿಟ್ಟರು. "ಒಂದು ಮೂಲೆ ತುಂಡು ತಿಂದೆ. ಬಹಳ ಚೆನ್ನಾಗಿತ್ತು."

"ಒಂದು ತುಂಡಿಗೆ ಒಂದು ಕಿಲೋನಾ?" ಒರತೈ ನಗು ತಡೆಯಲಾಗದೆ ಪುಸ್ತಕ ಮುಚ್ಚಿದಳು. "ಹೋಗ್ಲಿ. ಮಂಡಿ ಮಡಚಿ ನೋಡೋಣ. ಆಹಾ. ಕುರ್ಚಿ ಮಾತು ಸದ್ಯಕ್ಕೆ ಬಿಡೋಣ. ಆದ್ರೆ ನಡಿಗೆ ಬಿಡೋ ಹಾಗಿಲ್ಲ."

ಮಾರನೆಯ ದಿನ ಆರೂಕಾಲಕ್ಕೆ ಲಮೂನ್ ಅರ್ಧ ದಾರಿಗೆ ಹೊರಡಲು ಬೋಗುಣಿ ಎತ್ತಿಕೊಳ್ಳುವಷ್ಟರಲ್ಲಿ ಎದುರಿನಿಂದ ಬುಪ್ಪಾ ಕೂಗಿದಳು. "ಅಕ್ಕಾ, ಎಲ್ಲಿಗೆ ಹೊರಟೆ? ಕೆಳಗಿಡು. ನಿನ್ನ ಕುಂಬಳಕಾಯಿ ನಡೆದು ಬರ್ತಾ ಇದೆ!"

ಓಣಿಯ ತಿರುವಿನಲ್ಲಿ ಕಾವಿ ಕಾಣಿಸಿತು. ಕೋಲಿತ್ತು, ಆದರೆ ಅಜ್ಜಯ್ಯ ಅದನ್ನು ನೆಲಕ್ಕೆ ಊರುವುದಕ್ಕಿಂತ ನಾಯಿ ಓಡಿಸಲು ಹೆಚ್ಚಾಗಿ ಬಳಸುತ್ತಿದ್ದರು. ಲಮೂನ್ ಮಣೆಯ ಮೇಲೆ ಬೋಗುಣಿ ಇಟ್ಟು, ಚಪ್ಪಲಿ ಬಿಟ್ಟು, ಕೂದಲು ಸರಿ ಮಾಡಿಕೊಂಡಳು. ಅನ್ನ ಇನ್ನೂ ಹಬೆಯಾಡುತ್ತಿತ್ತು.