ವರ್ನಾಳ ಶುಕ್ರವಾರದ ಕುರ್ಚಿ

ಅಮೆರಿಕದ ಮಿನ್ನೆಸೋಟದ ಒಂದು ಕೆರೆದಂಡೆಯ ಕ್ಯಾಂಪಿನಲ್ಲಿ ಶುಕ್ರವಾರ ಸಂಜೆಯಾದರೆ ಸಾಕು, ವರ್ನಾ ತನ್ನ ಟ್ರೇಲರಿನ, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಗಾಲಿಮನೆಯ, ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಟಿವಿ, ಫ್ರಿಜ್ಜು, ಹಾಸಿಗೆ ಸಮೇತ ವಾರಾಂತ್ಯ ಕಳೆಯಲು ಪ್ರಕೃತಿಯ ಮಡಿಲಿಗೆ ಬಂದ ದಂಪತಿಗಳು ಮನೆಯಷ್ಟು ದೊಡ್ಡ ಟ್ರೇಲರನ್ನು ರಿವರ್ಸಿನಲ್ಲಿ ಜಾಗಕ್ಕೆ ಸೇರಿಸುವ ಚಂದ ನೋಡಬೇಕಲ್ಲ!

“ಎಡಕ್ಕೆ ಅಂದ್ನಲ್ರೀ! ಕಣ್ಣು ಮನೇಲಿ ಬಿಟ್ಟು ಬಂದ್ರಾ?” ಎಂದು ಒಬ್ಬಳು ಹಿಂದೆ ನಿಂತು ಕೂಗಿದಳು.

“ನಿನ್ನ ಎಡಾನಾ, ನನ್ನ ಎಡಾನಾ?” ಎಂದು ಗಂಡ ಕೇಳುವಷ್ಟರಲ್ಲಿ ಟ್ರೇಲರು ಪೈನ್ ಮರಕ್ಕೆ ಗುದ್ದಿತು.

“ಇವ್ರ ಸಂಸಾರ ಭಾನುವಾರದ ತನಕ ನಡೆದ್ರೆ ಹೆಚ್ಚು,” ಎಂದು ವರ್ನಾ ಕಾಫಿ ಹೀರಿದಳು.

ಪಕ್ಕದ ಜಾಗಕ್ಕೆ ಹೊಸದಾಗಿ ಬಂದಿದ್ದ ಹುಡುಗಿ ನಕ್ಕು ಕೇಳಿದಳು: “ನೀವು ಬೇರೆ ಕೆರೆಗಳಿಗೂ ಹೋಗ್ತೀರಾ ಅಕ್ಕಾ?”

ಪಕ್ಕದಲ್ಲೇ ಕೂತಿದ್ದ ವರ್ನಾಳ ಗಂಡ ಆರ್ವಿಡ್ ತಲೆ ತಗ್ಗಿಸಿ ಮುಂದಿದ್ದ ಬೆಂಕಿ ಕೆದಕತೊಡಗಿದ.

“ಹತ್ತೊಂಬತ್ತು ವರ್ಷದಿಂದ ಈ ಟ್ರೇಲರ್ ಅಲ್ಲಾಡಿಲ್ಲಮ್ಮ,” ಎಂದಳು ವರ್ನಾ. “ತೆಗೆದ್ರೆ ಮತ್ತೆ ರಿವರ್ಸಲ್ಲಿ ನಿಲ್ಲಿಸ್ಬೇಕಲ್ಲ? ಈ ವಯಸ್ಸಲ್ಲಿ ಇನ್ನೊಬ್ಬ ಗಂಡನ್ನ ಎಲ್ಲಿ ಹುಡುಕ್ಲಿ?”